ಗಿರವಿ ಅಕ್ಕ

ಅಂದು ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ರಾತ್ರಿಯಿಡೀ ಬಾಗಿಲು ಕಿಟಕಿ ಬಡಿದು ಬಡಿದು ದಣಿದದ್ದು ಬೆಳಕು ಹರಿಯುವ ಹೊತ್ತಿಗೆ ಎಲ್ಲೋ ಕೂತುಬಿಟ್ಟಿತ್ತು. ಮೋಡ ಮಾತ್ರ ಸುರಿಯಲೂ ಮನಸ್ಸಿಲ್ಲದೆ, ಹೋಗಲೂ ಮನಸ್ಸಿಲ್ಲದೆ ತಾರಸಿಗಳ ಮೇಲೆ ಇಳಿದು ನಿಂತಿತ್ತು. ಅವಳು ಹಗ್ಗದ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಒದ್ದೆ ಅನ್ನುವ ಹಾಗಿಲ್ಲ, ಒಣಗಿದೆ ಅನ್ನುವ ಹಾಗೂ ಇಲ್ಲ. ಹಿಡಿದವಳು ಹಾಗೇ ನಿಂತಳು. ಕಳೆದ ವಾರದಿಂದ ಹೀಗೇ ಆಗುತ್ತಿತ್ತು; ಕೈ ಒಂದು ಕೆಲಸಕ್ಕೆ ಹೋಗಿ ಅಲ್ಲೇ ನಿಂತುಬಿಡುವುದು, ಮನಸ್ಸು ಅದರ ಕೈಬಿಟ್ಟು ಆ ಕೋಣೆಗೆ, ಆ ಕಪಾಟಿನ ಮುಂದಕ್ಕೆ, ಆ ಒಂದು ಮಾತಿಗೆ ಹೋಗುವುದು. 'ಉಳಿದಿಲ್ಲ.' ಬಾಯಿಂದ ಬಿದ್ದದ್ದು ಅಷ್ಟೇ. ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ತುಟಿಗೆ ಬಂದದ್ದು ಅದೇ. 'ನಿನ್ನದು ನಿನಗೆ' ಎಂದು ಹೇಳಿ ಏಳುವುದು ಅವಳ ರೂಢಿ. ತಂದೆ ಕಲಿಸಿದ್ದು, ದಿನವನ್ನು ಶುರುಮಾಡುವ ಮೊದಲೇ ಅದನ್ನು ಕೊಟ್ಟವನಿಗೆ ಒಪ್ಪಿಸಿಬಿಡುವ ಮಾತು. ಅಂದು ಅದನ್ನು ಹೇಳದೆಯೇ ಎದ್ದಳು. ಒಪ್ಪಿಸಬೇಕಾದ್ದನ್ನು ಬೀಗ ಹಾಕಿ ಇಟ್ಟುಕೊಂಡವಳು ಆ ಮಾತನ್ನು ಯಾವ ಬಾಯಲ್ಲಿ ಹೇಳುವುದು?

"ಬಟ್ಟೆ ಜೊತೆ ಏನೇ ಮಾತು?" ಒಳಗಿನಿಂದ ತಾಯಿ ಕೂಗಿದಳು. "ಹೊತ್ತಾಯ್ತು. ನಿನ್ನ ಕುಡುಕ ಮಕ್ಕಳು ಕಾಯ್ತಿರ್ತಾವೆ."

"ಕುಡುಕರು ಅನ್ಬೇಡಮ್ಮ."

"ಮತ್ತೇನನ್ಲಿ, ತೀರ್ಥ ತಗೊಳ್ಳೋರು ಅನ್ಲಾ? ಅಷ್ಟೆಲ್ಲ ಓದಿ ಕಂಡೋರ ಬಾಟ್ಲಿ ಕಾಯ್ತಾ ಕೂತಿದೀಯ. ಪಕ್ಕದ ಮನೆಯವಳು ಕೇಳಿದ್ರೆ ಆಸ್ಪತ್ರೇಲಿ ಕೆಲಸ ಅಂತ ಹೇಳಿ ತಪ್ಪಿಸ್ಕೋತೀನಿ."

ತಾಯಿಯೂ ಹಾಗಾದರೆ ಸುಳ್ಳು ಹೇಳುತ್ತಾಳೆ, ಅದೂ ತನ್ನ ಸಲುವಾಗಿಯೇ. ಈ ಯೋಚನೆಯಲ್ಲಿ ಒಂದಿಷ್ಟು ಸಮಾಧಾನ ಹುಡುಕಲು ಹೋಗಿ ಅವಳು ತನ್ನ ಮೇಲೆ ತಾನೇ ಹೇಸಿಕೊಂಡಳು. ಬ್ಯಾಗು ಹೆಗಲಿಗೆ ಹಾಕಿ ಬೀದಿಗಿಳಿದಾಗ ಎಲೆಯೊಂದೂ ಅಲುಗುತ್ತಿರಲಿಲ್ಲ.

ಕೇಂದ್ರವಿದ್ದದ್ದು ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ. ಅವಳ ಕೋಣೆ ಹಿಂದೆ ಹಲ್ಲಿನ ಡಾಕ್ಟರದ್ದಾಗಿತ್ತು. ಮೂಲೆಯಲ್ಲಿ ಇನ್ನೂ ಆ ಪಿಂಗಾಣಿ ತೊಟ್ಟಿ, ನೆಲದಲ್ಲಿ ಕುರ್ಚಿಯನ್ನು ಬಿಗಿದಿದ್ದ ಬೋಲ್ಟುಗಳ ತುಕ್ಕು. 'ಮೊದಲು ಇಲ್ಲಿ ಹಲ್ಲು ಕೀಳ್ತಿದ್ರು, ಈಗ ಮಾತು ಕೀಳ್ತಾರೆ' ಎಂದು ಬರುವ ಹುಡುಗ ಹುಡುಗಿಯರು ನಗುತ್ತಿದ್ದರು. ಎಲ್ಲ ಇಪ್ಪತ್ತರ ಆಚೆ ಈಚೆಯವರು. ಒಬ್ಬಳು ಬೆಂಕಿಯಿಂದ ಹೊರಬಂದವಳು, ಒಬ್ಬ ಮಲತಂದೆಯ ಕೈಯಿಂದ, ಇನ್ನೊಬ್ಬ ಹೆದ್ದಾರಿಯಲ್ಲಿ ನುಜ್ಜುಗುಜ್ಜಾದ ಕಾರಿನಿಂದ. ಹೊರಬಂದವರು ಕಂಡುಕೊಂಡ ಮೊದಲ ಔಷಧಿ ಕುಡಿತ. ಸಂಸ್ಥೆಯ ಬೋರ್ಡಿನ ಮೇಲೆ ಇವರನ್ನು 'ಬದುಕುಳಿದ ಯುವಜನರು' ಎಂದು ಬರೆದಿತ್ತು. "ಬದುಕು ಎಲ್ಲಿದೆ ಅಕ್ಕಾ, ಬರೀ ಉಳಿದ ಯುವಜನರು ಅಂತ ಬರೆಸಿ" ಎಂದಿದ್ದಳು ಬೆಂಕಿಯ ಹುಡುಗಿ. ಕಪಾಟಿನ ಪದ್ಧತಿ ಶುರುವಾದದ್ದೂ ಅವಳಿಂದಲೇ. ಒಂದು ದಿನ ತಾನು ಕುಡಿಯುವ ಗಾಜಿನ ಲೋಟವನ್ನು ತಂದು ಮೇಜಿನ ಮೇಲಿಟ್ಟು, "ಇದನ್ನ ಇಟ್ಕೊಳ್ಳಿ. ಆದ್ರೆ ಕೇಳಿದ ತಕ್ಷಣ ಕೊಡ್ಬೇಕು, ಯಾಕೆ ಅನ್ನಬಾರದು. ನಮ್ಮಮ್ಮನ ಹಾಗೆ ಬಚ್ಚಿಟ್ರೆ ನಾನು ಇನ್ನೊಂದು ತಗೋತೀನಿ, ಅಷ್ಟೇ" ಎಂದಳು. ಇವಳು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ವಾರ ಕಳೆದ ಮೇಲೆ ಹುಡುಗಿ ಬಂದು ಕೇಳಿದಳು, ಇವಳು ಕೊಟ್ಟಳು. ಹುಡುಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತು, ತಾನಾಗಿಯೇ ವಾಪಸು ಮೇಜಿನ ಮೇಲಿಟ್ಟು ಹೋದಳು. ಕೇಳಿದರೆ ಸಿಗುತ್ತದೆ ಎಂಬ ಧೈರ್ಯವೇ ಅರ್ಧ ಬಾಯಾರಿಕೆಯನ್ನು ನೀಗುತ್ತದೆ ಎಂಬುದು ಅವಳಿಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ ಸಿಕ್ಕಿತ್ತು. ಆಮೇಲೆ ಒಬ್ಬೊಬ್ಬರೇ ತಂದಿಟ್ಟರು, ಬಿರಡೆ ತೆಗೆಯುವ ಕೀಲಿ, ಹೆಂಡ ತುಂಬಿ ಜೇಬಿನಲ್ಲಿಡುವ ತಗಡಿನ ಡಬ್ಬಿ, ತುಂಬಿದ ಬಾಟಲಿ, ಅರ್ಧವಾದ ಬಾಟಲಿ. ಅವಳಿಗೆ ಗಿರವಿ ಅಕ್ಕ ಎಂದು ಹೆಸರು ಬಿತ್ತು. ಈ ಗಿರವಿ ಅಂಗಡಿಯಲ್ಲಿ ಬಡ್ಡಿ ಇರಲಿಲ್ಲ, ಒಂದೇ ಕಟ್ಟಳೆ ಇತ್ತು, ಕೇಳಿದರೆ ಕೊಡುವುದು.

ಮೇಲಧಿಕಾರಿಗೆ ಇದು ಮೊದಲಿಂದಲೂ ಹಿಡಿಸಿರಲಿಲ್ಲ. ಒಳ್ಳೆಯ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ, ಮಾತಿನ ಮೊದಲು ಒಂದು ನಗು. "ಬಿಟ್ಟವರು ಎಷ್ಟು ಜನ ಅಂತ ಕೇಳಿದ್ರೆ ಕಡಿಮೆ ಮಾಡಿದವರನ್ನ ತೋರಿಸ್ತೀರಲ್ಲಮ್ಮ. ಕಡಿಮೆ ಅಂದ್ರೇನು? ಮುಳುಗ್ತಾ ಇರೋನನ್ನ ಮೂಗಿನವರೆಗೆ ಎತ್ತಿ ಹಿಡಿಯೋದಾ?" ಎಂದು ಸಭೆಯಲ್ಲಿ ಕೇಳಿ ಎಲ್ಲರನ್ನೂ ನಗಿಸಿದ್ದರು. ಅವಳೂ ನಕ್ಕಿದ್ದಳು. ಮೂಗಿನವರೆಗೆ ಎತ್ತಿದರೆ ಉಸಿರಾಡಬಹುದಲ್ಲ ಸರ್ ಎಂಬ ಉತ್ತರ ಹೊಳೆದದ್ದು ಮನೆಗೆ ಬಂದು ಮುಖ ತೊಳೆಯುವಾಗ. ಅವಳ ಉತ್ತರಗಳೆಲ್ಲ ಮುಖ ತೊಳೆಯುವಾಗಲೇ ಹೊಳೆಯುವುವು.

ಅಂದು ಮೆಟ್ಟಿಲು ಹತ್ತಿ ಬಂದಾಗ ಅವರು ಅವಳ ಕೋಣೆಯಲ್ಲೇ ನಿಂತಿದ್ದರು, ಕಪಾಟಿನ ಕಡೆ ಮುಖ ಮಾಡಿ. ಕಪಾಟಿನ ಬಾಗಿಲಿಗೆ ಮಸುಕು ಗಾಜು. ಒಳಗಿನದು ಕಾಣುವುದಿಲ್ಲ, ಕಂದು, ಹಸಿರು, ಬಿಳಿಯ ಕಲೆಗಳು ಮಾತ್ರ. ಆ ಗಾಜು ಹಾಕಿದವನು ಕನ್ನಡಿ. ಗಾಜಿನಂಗಡಿಯಲ್ಲಿ ಕೆಲಸ ಮಾಡುವ ಹುಡುಗನಾದ್ದರಿಂದ ಜೊತೆಯವರು ಅವನಿಗಿಟ್ಟ ಹೆಸರು ಅದು. ಹಳೆಯ ಗಾಜು ಒಡೆದಾಗ ತಾನೇ ಅಳತೆ ತೆಗೆದುಕೊಂಡು ಹೋಗಿ ಕತ್ತರಿಸಿ ತಂದಿದ್ದ. ಚೌಕಟ್ಟಿಗೆ ಅದನ್ನು ಕೂರಿಸುವಾಗ ಅವನ ಕೈ ನಡುಗಿರಲಿಲ್ಲ. ನಡುಗದಿರಲೆಂದು ಬೆಳಿಗ್ಗೆಯೇ ಹಾಕಿಕೊಂಡು ಬರುತ್ತಿದ್ದ ದಿನಗಳವು, ಕೋಣೆ ತುಂಬ ವಾಸನೆ. "ತಿಳಿ ಗಾಜು ಬೇಡ ಅಕ್ಕಾ" ಎಂದಿದ್ದ. "ಇದಾದ್ರೆ ಹೊರಗಿನವರಿಗೆ ಬರೀ ಬಣ್ಣ ಕಾಣುತ್ತೆ. ಇಟ್ಟವನಿಗೆ ಮಾತ್ರ ತನ್ನದು ಯಾವುದು ಅಂತ ಗೊತ್ತಾಗುತ್ತೆ." ಆಗ ಅವಳಿಗೆ ಅದು ಕೇಳಲು ಎಷ್ಟು ಚೆಂದವಾಗಿತ್ತೆಂದರೆ ಸಂಜೆ ಪ್ರಾರ್ಥನೆಯಲ್ಲಿ ಆ ಮಾತನ್ನೇ ದೇವರಿಗೂ ಹೇಳಿದ್ದಳು. ಆ ಮಾತಿಗೆ ಇನ್ನೊಂದು ಮಗ್ಗುಲಿದೆ ಎಂದು ಆಗ ಹೊಳೆಯಲಿಲ್ಲ.

"ನಾಳೆ ದಾನಿಗಳ ಕಡೆಯವರು ಬರ್ತಾರೆ. ಇದನ್ನ ಇವತ್ತೇ ಖಾಲಿ ಮಾಡಿಸಿ" ಎಂದರು ಮೇಲಧಿಕಾರಿ. "ಮತ್ತೆ ಒಂದು ಒಳ್ಳೆ ಸುದ್ದಿ. ನಿಮ್ಮ ಕನ್ನಡಿ ಬಿಟ್ಟೇಬಿಟ್ಟನಂತೆ. ಅಂಗಡಿ ಯಜಮಾನ್ರು ಫೋನ್ ಮಾಡಿದ್ರು. ಕೈಗೇನೋ ಪೆಟ್ಟಾಗಿದೆಯಂತೆ, ಅದಿರಲಿ. ಅವತ್ತಿಂದ ಒಂದು ತೊಟ್ಟೂ ಮುಟ್ಟಿಲ್ಲವಂತೆ. ನೋಡಿದ್ರಾ? ನೀವು ಅವತ್ತು ಇಲ್ಲ ಅಂದಿರಿ, ಅವನು ಬಿಟ್ಟ. ಇಷ್ಟೇ ಕಣಮ್ಮ, ಇಲ್ಲ ಅನ್ನೋದು ಕಲೀಬೇಕು."

ಒಮ್ಮೆಲೇ ಬಿಡಬಾರದು ಎಂದು ಕನ್ನಡಿಗೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೈಗೆ ಅಷ್ಟು ಒಗ್ಗಿಹೋದದ್ದನ್ನು ಥಟ್ಟನೆ ಕಿತ್ತರೆ ಫಿಟ್ಸ್ ಬರುತ್ತದೆ, ಜೀವಕ್ಕೇ ಸಂಚಕಾರ ಬರಬಹುದು, ಇಳಿಸಿಕೊಂಡು ಬಾ ಎಂದು. ಇಳಿಸಿಕೊಂಡು ಬಂದಿದ್ದ. ಬೆಳಗಿನದು ಹೋಗಿತ್ತು, ಮಧ್ಯಾಹ್ನದ್ದು ಹೋಗಿತ್ತು, ಸಂಜೆ ಕೆಲಸ ಮುಗಿದ ಮೇಲೆ ಬಂದು ತನ್ನ ಬಾಟಲಿ ಕೇಳಿ ಪಡೆದು ಹೊರಗೆ ಮೆಟ್ಟಿಲ ಮೇಲೆ ಕೂತು ಮುಚ್ಚಳದಲ್ಲಿ ಅಳೆದು ಕುಡಿದು ವಾಪಸು ಕೊಟ್ಟು ಹೋಗುತ್ತಿದ್ದ. ಒಂದು ದಿನಕ್ಕೆ ಸಾಲದಿದ್ದ ಬಾಟಲಿ ಈಗ ವಾರದ ಹತ್ತಿರಕ್ಕೆ ಬರುತ್ತಿತ್ತು. ಮೆಟ್ಟಿಲ ಮೇಲೆ ಕೂತಾಗಲೇ ಒಂದು ಸಂಜೆ ಅವನು ತನ್ನ ಕಥೆ ಹೇಳಿದ್ದು. ಹಾಸ್ಟೆಲ್ ಕಟ್ಟಡ ಕುಸಿದು ಕೆಳಗೆ ಸಿಕ್ಕಿಕೊಂಡಾಗ ಅವನ ಕೈಯಲ್ಲೊಂದು ನೀರಿನ ಬಾಟಲಿ ಇತ್ತು. ಮೇಲಿನ ಮಂಚದವನು, ಹೆಸರು ಅವನು ಹೇಳುತ್ತಿರಲಿಲ್ಲ, ಮೇಲಿನ ಮಂಚದವನು ಎಂದೇ ಹೇಳುತ್ತಿದ್ದ, ಆ ಹೊತ್ತು ಅವನಿಗಿಂತ ಕೆಳಗೆ ಕಲ್ಲುಮಣ್ಣಿನಡಿ, ಕತ್ತಲಲ್ಲಿ, ಬರಿ ದನಿಯಾಗಿದ್ದ. "ಉಳಿದಿದ್ಯಾ ಅಂತ ಕೇಳ್ದ. ನಾನು ಉಳಿದಿಲ್ಲ ಅಂದೆ." ಮುಚ್ಚಳವನ್ನು ಬಾಟಲಿಗೆ ತಿರುಗಿಸಿ ಬಿಗಿದು ಅವಳ ಕೈಗೆ ಕೊಡುತ್ತ, "ಉಳಿದಿತ್ತು ಅಕ್ಕಾ" ಎಂದಿದ್ದ.

ಅದನ್ನು ಕೇಳಿಸಿಕೊಂಡ ಕಿವಿ ಇದೇ. ಹೋದ ವಾರ ಅವನು ಎಂದಿಗಿಂತ ಮುಂಚೆ, ಮಧ್ಯಾಹ್ನವೇ ಬಂದ. ಮುಖ ಬಿಳಿಚಿತ್ತು, ಪಕ್ಕದ ಬೀದಿಯಲ್ಲಿ ಹಳೆ ಮನೆಯೊಂದನ್ನು ಕೆಡವುತ್ತಿದ್ದರು, ಬೆಳಿಗ್ಗೆಯಿಂದ ಗೋಡೆ ಬೀಳುವ ಸದ್ದು. ಮೇಲಧಿಕಾರಿ ಅವಳ ಎದುರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವನು ಬಾಗಿಲಲ್ಲೇ ನಿಂತು ಮೆಲ್ಲಗೆ, "ಅಕ್ಕಾ, ನನ್ನದು ಉಳಿದಿದ್ಯಾ?" ಎಂದ. ಮೇಲಧಿಕಾರಿ ಹುಬ್ಬು ಏರಿಸಿ ಅವಳನ್ನು ನೋಡಿದರು, ಆ ನಗುವಿನೊಂದಿಗೆ. ಕಪಾಟಿನ ಬೀಗದ ಕೈ ಅವಳ ಅಂಗೈಯಲ್ಲೇ ಇತ್ತು. ಕೊಡಬೇಕಿತ್ತು. ಎದ್ದು ಎರಡು ಹೆಜ್ಜೆ ಇಟ್ಟು ಕೊಟ್ಟಿದ್ದರೆ ಮುಗಿಯುತ್ತಿತ್ತು. "ಉಳಿದಿಲ್ಲ" ಎಂದಳು. ಅವನು ಅವಳನ್ನು ನೋಡಲಿಲ್ಲ, ಅವಳ ಹಿಂದೆ ಎಲ್ಲಿಗೋ ನೋಡಿದ. ಆಮೇಲೆ ಸರಿ ಅಕ್ಕಾ ಎಂದು, ದಾರಿ ಕೇಳಲು ಬಂದವನ ಹಾಗೆ ವಿನಯದಿಂದ ತಲೆಯಾಡಿಸಿ ಮೆಟ್ಟಿಲಿಳಿದ. ಅವನ ಒಳ್ಳೆಯದಕ್ಕೇ ಹಾಗೆಂದೆ ಎಂದು ಅವಳು ಆ ಸಂಜೆ ತನಗೆ ಹೇಳಿಕೊಂಡಳು, ಮರುದಿನವೂ ಹೇಳಿಕೊಂಡಳು.

ಮೇಲಧಿಕಾರಿ ಹೋದ ಮೇಲೆ ಅವಳು ಕಪಾಟು ತೆರೆದು, ಮುಂದಿನ ಸಾಲಿನಲ್ಲಿದ್ದ ಕನ್ನಡಿಯ ಕಂದು ಬಾಟಲಿಯನ್ನು ತೆಗೆದು ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ.

ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ಸು ಕುಲುಕಿದಾಗಲೆಲ್ಲ ಒಳಗೆ ಬಾಟಲಿ ಗುಳುಕ್ ಎನ್ನುವುದು. ಪಕ್ಕದ ಹೆಂಗಸು ಒಮ್ಮೆ ಬ್ಯಾಗನ್ನು ನೋಡಿ, ಇನ್ನೊಮ್ಮೆ ಅವಳ ಮುಖ ನೋಡಿ, ತನ್ನ ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಬದಲಾಯಿಸಿಕೊಂಡಳು. ಔಷಧಿ ಎಂದು ಹೇಳೋಣವೆಂದು ಇವಳು ಬಾಯಿ ತೆರೆದು ಮುಚ್ಚಿದಳು. ನಾಚಿಕೆ ಎಂಬುದು ಎಷ್ಟು ಬೇಗ ಬಾಯಿಗೆ ಬರುತ್ತದೆ, ಎಷ್ಟು ಸಲೀಸಾದ ಮಾತುಗಳನ್ನು ಜೊತೆಗೇ ಕಟ್ಟಿಕೊಂಡು ಬರುತ್ತದೆ. ಅವನ ಒಳ್ಳೆಯದಕ್ಕೆ ಎಂಬ ಮಾತೂ ಹಾಗೆ ಬಂದದ್ದೇ. ಇಸ್ತ್ರಿ ಅಂಗಿಯ ಒಬ್ಬ ಮನುಷ್ಯನ ಕಣ್ಣೆದುರು ಒಂದು ಹೆಂಡದ ಬಾಟಲಿಯನ್ನು ಕೈ ಚಾಚಿ ಕೊಡಲು ತನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಅಲ್ಲಿ ಏನೂ ಇರಲಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಮನುಷ್ಯ ಇಷ್ಟು ದೂರ ಬೀಳಬಹುದೆಂದು ತಿಳಿದಾಗ ಅವಳಿಗೆ ಅಳು ಬರಲಿಲ್ಲ, ಬಾಯಿ ಕಹಿಯಾಯಿತು.

ಗಾಜಿನಂಗಡಿಯ ಮುಂದೆ ದೊಡ್ಡ ದೊಡ್ಡ ಗಾಜಿನ ಹಾಳೆಗಳನ್ನು ಮರದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ್ದರು. ಮೋಡ ಅವುಗಳೊಳಗೂ ನಿಂತಿತ್ತು. ಮೇಜಿನ ಮೇಲೆ ಬಾಗಿ ಗಾಜು ಕತ್ತರಿಸಲು ಗೀರು ಹಾಕುತ್ತಿದ್ದ ಯಜಮಾನ ತಲೆಯೆತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಗಿರವಿ ಅಕ್ಕ ಅಂದ್ರೆ ನೀವೇನಾ?"

ಹೌದೆಂದಳು.

"ಬನ್ನಿ ತಾಯಿ. ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ." ಬೆಳ್ಳಗಿನ ಗಾಜಿನ ಪುಡಿಯನ್ನು ಅಂಗೈಯಿಂದಲ್ಲ, ಬ್ರಷ್ಷಿನಿಂದ ಗುಡಿಸುತ್ತ ಅವನು ಹೇಳಿದ. "ಈ ಹುಡುಗ ನನ್ನ ಹತ್ರ ಸೇರಿದಾಗಿಂದ ಕುಡೀತಾನೆ, ನಂಗೊತ್ತು. ಕುಡಿದಾಗ ಒಂದು ಗಾಜೂ ಒಡೀಲಿಲ್ಲ. ನಿಮ್ಮ ಹತ್ರ ಬರೋಕ್ಕೆ ಶುರು ಮಾಡಿದ್ಮೇಲೆ ಮನುಷ್ಯ ಆದ, ಅದನ್ನೂ ಒಪ್ತೀನಿ. ಹೋದ ವಾರ ಒಮ್ಮೆಲೇ ನಿಲ್ಲಿಸ್ಬಿಟ್ಟ. ನಾನು ಖುಷಿ ಪಟ್ಟೆ. ಬೆವರು ಸುರೀತಿತ್ತು, ಕೈ ಎಲೆ ಥರ ನಡುಗ್ತಿತ್ತು, ಮಲಕ್ಕೋ ಅಂದ್ರೆ ಕೇಳ್ಲಿಲ್ಲ. ದೊಡ್ಡ ಹಾಳೆ ಎತ್ಕೊಂಡ, ಹಂಗೇ ನೆಟ್ಟಗಾಗಿ ಬಿದ್ದ. ಬಾಯಲ್ಲಿ ನೊರೆ. ಗಾಜು ಹೋದ್ರೆ ಹೋಗ್ಲಿ ತಾಯಿ, ಬಲಗೈ ಹರಿದುಹೋಯ್ತು. ನರಕ್ಕೆ ಪೆಟ್ಟಾಗಿದೆಯಂತೆ. ಗೀರು ಹಾಕೋ ಕೈ ಅದು." ಬ್ರಷ್ಷನ್ನು ಕೆಳಗಿಟ್ಟ. "ಕಚೇರಿಗೆ ಫೋನ್ ಮಾಡಿ ಹೇಳ್ದೆ. ಬಿಟ್ಟಿದ್ದಾನೆ ಅಂದಿದ್ದೇ ತಡ, ಆ ಸಾಹೇಬ್ರು ಶಭಾಷ್ ಅಂದ್ರು. ಮುಂದಿನದು ಅವರಿಗೆ ಸರಿಯಾಗಿ ಕೇಳಿಸ್ಲೇ ಇಲ್ಲ."

ಕನ್ನಡಿ ಮಲಗುತ್ತಿದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಮಾರದೆ ಉಳಿದ ಕನ್ನಡಿಗಳು. ಬ್ಯಾಗು ಅಪ್ಪಿಕೊಂಡ ಹೆಂಗಸೊಬ್ಬಳು ಒಂದರಿಂದ ಇನ್ನೊಂದಕ್ಕೆ ಹಾಯುತ್ತ ಅವಳ ಜೊತೆಗೇ ಬಂದಳು. ಒಂದರಲ್ಲಿ ಉದ್ದ, ಒಂದರಲ್ಲಿ ಗಿಡ್ಡ, ಎಲ್ಲದರಲ್ಲೂ ಕಳ್ಳಿ.

ಅವನು ಗೋಡೆಗೆ ಒರಗಿ ಕೂತಿದ್ದ. ಬಲಗೈಗೆ ಮೊಣಕೈವರೆಗೆ ಬಿಳಿ ಬಟ್ಟೆ.

"ಬಂದ್ರಾ" ಎಂದ. "ಕೂತ್ಕೊಳ್ಳಿ. ಅಲ್ಲಲ್ಲ, ಆ ಕಡೆ ಬೇಡ, ಚೂರಿರುತ್ತೆ."

ಅವಳು ಈ ಕಡೆ ಕೂತಳು. "ಕೈ ಹೇಗಿದೆಯೋ?"

"ಇದೆ. ಬೆರಳೆಲ್ಲಾ ಇದಾವೆ, ಯಜಮಾನ್ರು ಲೆಕ್ಕ ಹಾಕಿ ತಗೊಂಡ್ರು." ನಕ್ಕ. ಎರಡು ಬೆರಳು ಬಟ್ಟೆಯ ತುದಿಯಲ್ಲಿ ತಮಗೆ ಸಂಬಂಧವಿಲ್ಲವೆಂಬಂತೆ ಬಿದ್ದಿದ್ದವು.

"ಒಮ್ಮೆಲೇ ನಿಲ್ಲಿಸಬಾರದು ಅಂತ ನಿನಗೆ ಗೊತ್ತಿತ್ತಲ್ಲೋ."

"ಗೊತ್ತಿತ್ತು."

"ಬೇರೆ ಎಲ್ಲಾದ್ರೂ ತಗೋಬಹುದಿತ್ತು." ಹೇಳಿದ ಮೇಲೆ ತನ್ನ ಬಾಯಿಂದ ಬಂದ ಸಲಹೆ ಎಂಥದ್ದೆಂದು ಅವಳಿಗೆ ಹೊಳೆಯಿತು. ಅವನಿಗೂ ಹೊಳೆದು ಮತ್ತೆ ನಕ್ಕ.

"ತಗೋಬಹುದಿತ್ತು. ಮೂಲೆಯಲ್ಲೇ ಅಂಗಡಿ ಇದೆ. ಅವತ್ತು ನಿಮ್ಮ ಮೆಟ್ಟಿಲು ಇಳೀತಾ ಅನ್ನಿಸ್ತು, ಈಗ ಕೇಳಿದವನು ನಾನು. ಇಲ್ಲ ಅಂತ ಅನ್ನಿಸ್ಕೊಂಡೋನು ನಾನು. ಇದು ಆ ಮೇಲಿನ ಮಂಚದವನ ಜಾಗ. ಇಲ್ಲ ಅಂದ್ಮೇಲೆ ಅವನಿಗೆ ಹೇಗಾಯ್ತು ಅಂತ ನನಗೆ ಗೊತ್ತಿರಲಿಲ್ಲ ನೋಡಿ, ಇಷ್ಟು ದಿನ. ನೋಡೋಣ, ಅವನು ತಡ್ಕೊಂಡಷ್ಟು ತಡ್ಕೊಳ್ಳೋಣ ಅಂತ ಕೂತೆ."

ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬಾಟ್ಲಿ ಇತ್ತು" ಎಂದಳು. "ಆ ಸಾಹೇಬರ ಮುಂದೆ ಕೊಡೋದಕ್ಕೆ ನಾಚಿಕೆ ಆಯ್ತು ಕಣೋ. ಅಷ್ಟೇ."

"ಇತ್ತು ಅಂತ ಗೊತ್ತು ಅಕ್ಕಾ. ಕಾಣ್ತಿತ್ತು. ಆ ಗಾಜು ಹಾಕಿದ್ದು ನಾನೇ ಅಲ್ವಾ?" ದನಿಯಲ್ಲಿ ಮುನಿಸಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ನನಗೆ ಆವತ್ತು ಹಾಸ್ಟೆಲ್ ಕೆಳಗೆ ಬಾಯಾರಿಕೆ ಆಗಿತ್ತು, ಸುಳ್ಳು ಹೇಳ್ದೆ. ನಿಮಗೆ ನಾಚಿಕೆ ಆಗಿತ್ತು. ಕೇಳೋನಿಗೆ ಎರಡೂ ಒಂದೇ ಥರ ಕೇಳಿಸುತ್ತೆ."

ಹೊರಗೆ ಯಜಮಾನ ಗೀರು ಹಾಕಿ ಗಾಜು ಮುರಿದ ಸದ್ದು ಬಂತು, ಚೊಕ್ಕವಾಗಿ, ಒಂದೇ ಸಲಕ್ಕೆ. ಅವನ ಎಡಗೈ ತಾನಾಗಿಯೇ ತೊಡೆಯ ಮೇಲೆ ಆ ಗೀರನ್ನು ಎಳೆದು ನಿಂತಿತು. ಗೂಡಿನಲ್ಲಿ ಮಾತ್ರೆಯ ಪೊಟ್ಟಣಗಳಿದ್ದವು. ಅವಳು ಅವನ್ನು ನೋಡುವುದನ್ನು ಅವನು ನೋಡಿದ.

"ಇದರ ಜೊತೆ ಅದು ಬೇಡ ಅಂದಿದಾರೆ ಡಾಕ್ಟ್ರು" ಎಂದ.

"ಹೌದು. ಬೇಡ."

"ಗೊತ್ತು."

ಬಾಟಲಿ ಅವಳ ತೊಡೆಯ ಮೇಲೆ, ಬ್ಯಾಗಿನೊಳಗೆ, ತಣ್ಣಗೆ ಭಾರವಾಗಿತ್ತು. ಕೊಟ್ಟರೆ ತಪ್ಪು, ಕೊಡದಿದ್ದರೆ ಸುಳ್ಳು. ದೇವರು ಮನುಷ್ಯನನ್ನು ಇಂಥ ಕಡೆ ತಂದು ನಿಲ್ಲಿಸಿ ತಾನು ಮಾತಾಡದೆ ನಿಲ್ಲುತ್ತಾನೆ. ಮೇಲೆ ಆ ಮೋಡ ನಿಂತಿರುವ ಹಾಗೆ. ಇಲ್ಲ ಅನ್ನೋದು ಕಲೀಬೇಕು ಎಂದಿದ್ದರು ಮೇಲಧಿಕಾರಿ, ಕಲಿತದ್ದಾಗಿತ್ತು.

"ಅಕ್ಕಾ, ನಿಮಗೊಂದು ಹೇಳಿರಲಿಲ್ಲ." ಅವನು ಗೋಡೆಯ ಕಡೆ ನೋಡುತ್ತಿದ್ದ. "ಮೇಲಿನ ಮಂಚದವನು ಇನ್ನೊಂದು ಸಲ ಕೇಳಿದ್ದ. ಬಹಳ ಹೊತ್ತಾದ್ಮೇಲೆ. ದನಿ ಸಣ್ಣಗಾಗಿತ್ತು. ಸುಳ್ಳು ಹೇಳಿದ್ದೀಯ ಅಂತ ಬೈಲಿಲ್ಲ. ಮೊದಲನೇ ಸಲ ಕೇಳೋ ಹಾಗೇ ಕೇಳ್ದ. ಆಗಲೂ ಒಂದು ಗುಟುಕು ಇತ್ತು."

"ನೀನೇನಂದೆ?"

"ಏನೂ ಅನ್ಲಿಲ್ಲ. ನಿದ್ದೆ ಹೋದವನ ಥರ ಉಸಿರಾಡ್ದೆ." ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡ. "ಅವನಿಗೆ ಗೊತ್ತಿತ್ತು ಅನ್ಸುತ್ತೆ. ಗೊತ್ತಿದ್ದೂ ಕೇಳ್ದ. ನನಗೆ ಇನ್ನೊಂದು ಸಲ ಕೊಟ್ಟ, ಹೇಳೋದಕ್ಕೆ."

ಆಮೇಲೆ ಅವನು ಅವಳ ಕಡೆ ತಿರುಗಿದ. ಬ್ಯಾಗನ್ನು ನೋಡಲಿಲ್ಲ, ಈ ಸಲ ಅವಳ ಮುಖವನ್ನೇ ನೋಡಿದ. ಬಾಗಿಲಲ್ಲಿ ನಿಂತು ಕೇಳಿದಷ್ಟೇ ಮೆಲ್ಲಗೆ ಕೇಳಿದ.

"ನನ್ನದು ಉಳಿದಿದ್ಯಾ ಅಕ್ಕಾ?"

ಯಾಕೆ ಎಂದು ಅವಳು ಕೇಳಲಿಲ್ಲ. ಮಾತ್ರೆಗಳ ಕಡೆಗೂ ನೋಡಲಿಲ್ಲ. ಬ್ಯಾಗಿನಿಂದ ಬಾಟಲಿ ತೆಗೆದು ಸುತ್ತಿದ್ದ ಕಾಗದವನ್ನು ಬಿಡಿಸಿ, ಮಡಿಚಿ ಬದಿಗಿಟ್ಟಳು.

"ಉಳಿದಿದೆ" ಎಂದಳು. ಬಾಟಲಿಯನ್ನು ಅವನ ಎಡಗೈಗೆ ಇಟ್ಟು, ಅವನ ಬೆರಳುಗಳು ಹಿಡಿದವೆಂದು ಗೊತ್ತಾದ ಮೇಲೆ ತನ್ನವನ್ನು ತೆಗೆದಳು.